ಮೂಗಿಗಿಂತ ಮೂಗುತಿ ಭಾರ: ಜೀಪಿನ ದೊಡ್ಡ ಟೈರಿನ ಲೆಕ್ಕಾಚಾರ

ದಾವಣಗೆರೆ: ಪಿ.ಬಿ. ರಸ್ತೆಯಲ್ಲಿ ಹರಿಹರದ ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸದೇನಲ್ಲ. ಗುರ್ರ್ ಎಂದು ಜೀಪೊಂದು ಬರುತ್ತದೆ. ಮೈ ಎತ್ತರಕ್ಕೆ ಎದ್ದು ನಿಂತಿರುತ್ತದೆ. ಟೈರು ಮಡ್ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ! ಮಳೆಗಾಲವಾದರೆ ರಸ್ತೆಯ ರಾಡಿಯೆಲ್ಲ ಅಂಗಡಿ ಕಟ್ಟೆಗೆ, ನಿಂತವರ ಪಂಚೆಗೆ. "ಏನ್ ಗಾಡೀನಪ್ಪಾ!" ಎಂದು ಹುಡುಗರು ಬಾಯಿ ಬಿಡುತ್ತಾರೆ. "ಇದು ಯಾವ ಕಾಡಿಗೆ ಹೊರಟೈತೋ" ಎಂದು ಹಿರಿಯರು ಗೊಣಗುತ್ತಾರೆ.

ಶೋಕಿ ಅವರವರ ಇಷ್ಟ. ಆದರೆ ದೊಡ್ಡ ಟೈರು ಬರೀ ಶೋಕಿಯ ಮಾತಲ್ಲ. ಅದು ಬ್ರೇಕಿನ ಮಾತು, ಮೀಟರಿನ ಮಾತು, ಕೊನೆಗೆ ಎದುರು ಬರುವ ಬೈಕಿನವನ ಜೀವದ ಮಾತು.

ನಿಜವಾದ ಅಗತ್ಯ ಇಲ್ಲವೇ? ಖಂಡಿತ ಇದೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಮಲೇಬೆನ್ನೂರು ಕಡೆಯ ಗದ್ದೆ ದಾರಿಗಳಿಗೆ ಇಳಿದು ನೋಡಬೇಕು. ಟ್ರ್ಯಾಕ್ಟರ್ ಚಕ್ರ ತೋಡಿದ ಗಾಡಿಜಾಡಿನಲ್ಲಿ ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಗೊಬ್ಬರದ ಮೂಟೆ ಹೊತ್ತು ದಿನಾ ಅಲ್ಲಿ ಓಡಾಡುವವನಿಗೆ ಒಳ್ಳೆ ಟೈರು ಬೇಕೇ ಬೇಕು. ಪ್ರಶ್ನೆ ಇಷ್ಟೇ: ಎಂಥದ್ದು, ಎಷ್ಟು ದೊಡ್ಡದು?

ನಮ್ಮ ಹಿರಿಯರಿಗೆ ಇದರ ಗುಟ್ಟು ಗೊತ್ತಿತ್ತು. ಎತ್ತಿನ ಗಾಡಿಯ ಮರದ ಚಕ್ರ ನೋಡಿ: ಎತ್ತರ ಜಾಸ್ತಿ, ಅಗಲ ಕಡಿಮೆ. ಎತ್ತರದ ಚಕ್ರ ಗುಂಡಿಯನ್ನು ಸಲೀಸಾಗಿ ಹತ್ತುತ್ತದೆ, ಕಿರಿದಾದ ಚಕ್ರ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಹಳೇ ವಿಲ್ಲೀಸ್ ಜೀಪಿಗೆ ಇದ್ದದ್ದೂ 6.00-16 ಅಳತೆಯ ಟೈರು, ಅಗಲ ಆರೇ ಇಂಚು. ಅದರಲ್ಲೇ ಅದು ಯುದ್ಧಭೂಮಿ ತಿರುಗಿ ಬಂತು! ಹೊಳೆ ದಂಡೆಯ ಮರಳಿಗಾದರೆ ಅಗಲದ ಟೈರು ಸರಿ, ಹೂತುಕೊಳ್ಳದೆ ಮೇಲೆ ತೇಲುತ್ತದೆ. ಆದರೆ ನಮ್ಮ ಎರೆ ಮಣ್ಣಿನಲ್ಲಿ ಅಗಲದ ಟೈರಿಗೆ ಅಂಟು ಹತ್ತಿ ಬಟನ್ ಸಂದಿಯೆಲ್ಲ ತುಂಬಿಕೊಂಡರೆ ಅದು ಬೋಳು ಟೈರಿಗೆ ಸಮ. ಆದ್ದರಿಂದ "ಅಗಲ ಇದ್ದಷ್ಟೂ ಒಳ್ಳೇದು" ಎಂಬ ಅಂಗಡಿ ಮಾತನ್ನು ನಂಬಿ ಜೇಬಿಗೆ ಕೈ ಹಾಕಬಾರದು.

ಎತ್ತರಿಸಿದರೆ ಏನು ಸಿಕ್ಕಿತು?

ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಮೊದಲು ಸ್ಪ್ರಿಂಗ್ ಬದಲಿಸಿಯೋ ಕಟ್ಟೆ ಕೊಟ್ಟೋ ಗಾಡಿ ಎತ್ತರಿಸುತ್ತಾರೆ. ಆಮೇಲೆ ಸಂದಿ ಖಾಲಿ ಕಾಣುತ್ತದೆಂದು ದೊಡ್ಡ ಟೈರು ಹುಡುಕುತ್ತಾರೆ. ಆದರೆ ಎತ್ತರಿಸಿದಾಗ ಮೇಲೇಳುವುದು ಗಾಡಿಯ ಮೈ ಮಾತ್ರ. ಹಿಂದಿನ ಆಕ್ಸಲ್‌ನ ನಡುವಿನ ಗುಂಡು ಇದ್ದಲ್ಲೇ ಇರುತ್ತದೆ, ಕಲ್ಲಿಗೆ ತಾಗುವುದು ಅದೇ. ಅದನ್ನು ಮೇಲೆತ್ತುವುದು ಟೈರು ಒಂದೇ. ಅದೂ ಟೈರು ಬೆಳೆದದ್ದರಲ್ಲಿ ಅರ್ಧ ಮಾತ್ರ!

ಲೆಕ್ಕ ಹಾಕಿಯೇ ನೋಡೋಣ. 2020ರಲ್ಲಿ ಬಂದ ಮಹೀಂದ್ರ ಥಾರ್‌ಗೆ ಕಂಪನಿ ಕೊಟ್ಟ ಅಳತೆಗಳಲ್ಲಿ ಒಂದು 245/75 ಆರ್ 16. ಅಂದರೆ ಅಗಲ 245 ಮಿಲಿಮೀಟರ್, ಟೈರಿನ ಗೋಡೆಯ ಎತ್ತರ ಅದರ ಶೇಕಡ 75, ರಿಮ್ಮು 16 ಇಂಚು. ಒಟ್ಟು ಎತ್ತರ ಸುಮಾರು 774 ಮಿಲಿಮೀಟರ್. ಅದನ್ನು ಬಿಚ್ಚಿ 285/70 ಆರ್ 17 ಹಾಕಿಸಿದರೆ ಎತ್ತರ ಸುಮಾರು 831. ಹೆಚ್ಚಾದದ್ದು 57, ನೆಲದಿಂದ ಸಿಕ್ಕಿದ್ದು ಬರೀ 28 ಮಿಲಿಮೀಟರ್. ಅಂದರೆ ಒಂದಿಂಚು ಚಿಲ್ಲರೆ!

ಆ ಒಂದಿಂಚಿಗೆ ಕೊಟ್ಟ ಬೆಲೆ ಏನು? ಅಂಗಡಿಕಾರರಿಗೆ ಇದು ಬೇಗ ತಿಳಿಯುತ್ತದೆ. ತಕ್ಕಡಿಯ ಬೊಟ್ಟು ಬದಲಿಸಿದರೆ ತೂಕ ಸುಳ್ಳಾಗುವಂತೆ ಟೈರು ಬದಲಿಸಿದರೆ ಮೀಟರ್ ಸುಳ್ಳು ಹೇಳತೊಡಗುತ್ತದೆ. ಮುಳ್ಳು 80 ತೋರಿಸುವಾಗ ಗಾಡಿ ನಿಜವಾಗಿ 86ರ ಹತ್ತಿರ ಓಡುತ್ತಿರುತ್ತದೆ. ಸಾವಿರ ಕಿಲೋಮೀಟರ್ ಓಡಿದರೆ ಮೀಟರಿಗೆ ಬೀಳುವುದು 930ರ ಆಸುಪಾಸು. ಭಾರದ ಟೈರನ್ನು ತಿರುಗಿಸಲು ಇಂಜಿನ್ ಹೆಣಗುತ್ತದೆ, ನಿಲ್ಲಿಸಲು ಬ್ರೇಕ್ ಹೆಣಗುತ್ತದೆ. ಬೇರಿಂಗ್, ಸ್ಟೀರಿಂಗ್ ಕೀಲುಗಳು ಬೇಗ ಸವೆಯುತ್ತವೆ. ಎತ್ತರ ಹೆಚ್ಚಿದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಹೆಡ್‌ಲೈಟು ತಗ್ಗಿಸದಿದ್ದರೆ ಬೆಳಕು ನೇರ ಎದುರಿನ ಬೈಕಿನವನ ಕಣ್ಣಿಗೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ?

ಹೆದ್ದಾರಿಯ ಕಥೆಯೂ ಬೇರೆಯಲ್ಲ. ದೊಡ್ಡ ಬಟನ್‌ಗಳ ಕೆಸರಿನ ಟೈರು ಗದ್ದೆಯಲ್ಲಿ ಹುಲಿ, ಮಳೆ ಬಿದ್ದ ಡಾಂಬರಿನಲ್ಲಿ ಇಲಿ. ಬಟನ್ ನಡುವೆ ಸಂದಿ ಹೆಚ್ಚು, ಡಾಂಬರಿಗೆ ತಾಗುವ ರಬ್ಬರು ಕಡಿಮೆ. ಬ್ರೇಕ್ ಒತ್ತಿದರೆ ಜಾರಿ ಮುಂದೆ ಹೋಗಿ ನಿಲ್ಲುತ್ತದೆ. ವಾರಕ್ಕೆ ಆರು ದಿನ ದಾವಣಗೆರೆ-ಹರಿಹರ ಓಡಾಡಿ, ಒಂದು ದಿನ ಕೊಂಡಜ್ಜಿ ಗುಡ್ಡದ ಕಡೆ ಹೋಗುವವನಿಗೆ ಎರಡಕ್ಕೂ ಸೈ ಎನ್ನುವ ಎ.ಟಿ. ಟೈರು ಸಾಕು.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದಾಯಿತು. ಗಮನಿಸಿ: ದಂಡ ತೆರಬೇಕಾದವನು ಗಾಡಿ ಮಾಲೀಕ. "ಏನೂ ಆಗಲ್ಲ ಬಿಡಿ ಸಾಹುಕಾರ್ರೇ" ಎಂದು ಧೈರ್ಯ ಹೇಳಿದವನು ಆ ಹೊತ್ತಿಗೆ ಜೊತೆಗೆ ಬರುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯಲು ಇದೊಂದೇ ಸಾಕು.

ಹಾಗಾದರೆ ಮಾಡುವುದೇನು? ಅದೇ ಮಾದರಿಯ ಮೇಲಿನ ದರ್ಜೆಯ ಗಾಡಿಗೆ ಕಂಪನಿಯೇ ಯಾವ ಅಳತೆ ಕೊಟ್ಟಿದೆ ಎಂದು ಮೊದಲು ವಿಚಾರಿಸಬೇಕು. ಅದರೊಳಗೇ ಇದ್ದರೆ ಗಾಡಿಯನ್ನು ಎತ್ತರಿಸುವ ಪ್ರಮೇಯವೇ ಬರುವುದಿಲ್ಲ. ಟೈರಿನ ಭಾರದ ಅಂಕಿ ಮೂಲದ್ದಕ್ಕಿಂತ ಕಡಿಮೆ ಇರಬಾರದು. ಪಕ್ಕದಲ್ಲಿರುವ ನಾಲ್ಕಂಕಿಯ ತಾರೀಖು ಓದಬೇಕು. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಐದು ಕೊಳ್ಳಲು ದುಡ್ಡಿಲ್ಲದಿದ್ದರೆ ನಾಲ್ಕನ್ನೂ ಕೊಳ್ಳದಿರುವುದೇ ಲೇಸು. ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರಾ ತಿರುಗಿಸಿ, ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ ನೋಡಬೇಕು. ಟೈರಿನಂಚಿಗೆ ಚಾಕ್‌ಪೀಸ್ ಬಳಿದರೆ ಎಲ್ಲಿ ಉಜ್ಜುತ್ತದೆ ಎಂಬುದು ಬಿಳಿ ಗೆರೆಯಲ್ಲೇ ಕಾಣುತ್ತದೆ. ಉಜ್ಜಿದರೆ ದುಡ್ಡು ಕೊಡುವ ಮುಂಚೆಯೇ ಬಿಚ್ಚಿಸಿ.

ಕೆಸರಿನಲ್ಲಿ ಗಾಡಿ ಸಿಕ್ಕಿಬಿದ್ದರೆ ಟೈರಿನ ಗಾಳಿ ಕೊಂಚ ಇಳಿಸುವುದೂ ಒಂದು ಉಪಾಯ. ಅದಕ್ಕೆ ಖರ್ಚಿಲ್ಲ, ದಂಡವಿಲ್ಲ. ಡಾಂಬರಿಗೆ ಹತ್ತಿದ ಕೂಡಲೇ ಮತ್ತೆ ತುಂಬಿಸುವುದನ್ನು ಮಾತ್ರ ಮರೆಯಬಾರದು. ಲಕ್ಷ ಸುರಿದು ಒಂದಿಂಚು ಎತ್ತರ ಕೊಳ್ಳುವ ಮುನ್ನ, ಪಂಚರ್ ಅಂಗಡಿಯಲ್ಲಿ ಸಿಗುವ ಆ ಗಾಳಿಯನ್ನು ಒಮ್ಮೆ ನೆನೆಸಿಕೊಳ್ಳಲಿ.