ಕೇಳುವಿಕೆ ಮತ್ತು ಗ್ರಹಿಕೆ
ಕಿವಿಗೆ ಬಿದ್ದುದೆಲ್ಲವೂ ಗ್ರಹಿಕೆಗೆ ಬರುವುದಿಲ್ಲ. ಹೊಸಗನ್ನಡದಲ್ಲಿ ಮರೆಯಾದ ಱ, ೞ ಧ್ವನಿಗಳು ಮಲಯಾಳದಲ್ಲಿ ಇಂದಿಗೂ ಉಳಿದಿವೆ. ಕೊಚ್ಚಿಯ ಶಾಲೆಗೆ ಹೊಸದಾಗಿ ಸೇರಿದ ಕನ್ನಡದ ಮಗು ಅವನ್ನು ರ, ಳಗಳೆಂದೇ ಕೇಳಿಸಿಕೊಳ್ಳಬಹುದು. ಇದು ಭಾಷಾರೂಢಿಯ ಫಲ; ದೋಷವಲ್ಲ. ಆದರೆ ಶ್ರವಣಶಕ್ತಿ ಸರಿಯಿದ್ದೂ, ತರಗತಿಯ ಗದ್ದಲದಲ್ಲಿ ತಾಯ್ನುಡಿಯ ‘ಕರಿ’, ‘ಗರಿ’ಗಳನ್ನೇ ಬೇರ್ಪಡಿಸಲಾರದ ಮಕ್ಕಳಿದ್ದಾರೆ. ಅವರ ತೊಡಕು ಕಿವಿಯದಲ್ಲ, ಧ್ವನಿಯನ್ನು ಸಂಸ್ಕರಿಸುವ ಮಿದುಳಿನದು. ನಿಶ್ಶಬ್ದ ಕೋಣೆಯ ಸಾಮಾನ್ಯ ಶ್ರವಣಪರೀಕ್ಷೆಗೆ ಅದು ಸಿಗದು. ಇಬ್ಬರಿಗೂ ದೊರೆಯುವುದು ‘ದಡ್ಡ’ನೆಂಬ ಹೆಸರೇ. ಈ ಭೇದವನ್ನು ಅರಿಯಲು ಪರೀಕ್ಷೆಯು ಮಗುವಿನ ಮನೆಮಾತಿನಲ್ಲಿಯೇ ನಡೆಯಬೇಕು. ತಿರುವನಂತಪುರದಲ್ಲಿ 1997ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣತಜ್ಞರಿದ್ದಾರೆ. ಕನ್ನಡದ ಪರೀಕ್ಷಾಪದಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ರೂಪುಗೊಂಡಿವೆ. ಅಂತಹ ಪದಪಟ್ಟಿಗಳ ರಚನೆಯಲ್ಲಿ ಧ್ವನಿಶಾಸ್ತ್ರ ಬಲ್ಲ ಕನ್ನಡ ವಿದ್ವಾಂಸರಿಗೂ ಪಾಲುಂಟು.