ಜಾರದ ಗಂಟು

ಸುಲ್ತಾನ್‌ಪೇಟೆಯಲ್ಲಿ ಕಾಗದದ ಅಂಗಡಿಗಳು ಬಹಳ. ಅಲ್ಲಿ ಗಾಡಿಗೆ ಹೊರೆ ಕಟ್ಟುತ್ತಾರೆ. ಮನೆಯಲ್ಲಿ ನಾವೂ ಹಗ್ಗ ಕಟ್ಟುತ್ತೇವೆ. ಬಟ್ಟೆ ಒಣಗಿಸಲು, ನೀರು ಸೇದಲು, ಮಗುವಿನ ಜೋಲಿಗೆ. ಗಂಟು ಜಾರಿದರೆ ಬಿಂದಿಗೆ ಬಾವಿಯ ಪಾಲು. ಜೋಲಿ ಬಿದ್ದರೆ ಮಗುವಿಗೆ ಪೆಟ್ಟು. ಬನ್ನಿ, ಎರಡು ಗಂಟು ಕಲಿಯೋಣ.

ಹಗ್ಗ ಸೇರಿಸುವ ಗಂಟು

ದಪ್ಪ ಹಗ್ಗದ ತುದಿ ಮಡಿಸಿ. ಸಣ್ಣ ಹಗ್ಗವನ್ನು ಮಡಿಕೆಯೊಳಗೆ ಕೆಳಗಿನಿಂದ ಮೇಲೆ ತನ್ನಿ. ಮಡಿಕೆಯ ಎರಡೂ ಎಳೆಗಳ ಹಿಂದೆ ಸುತ್ತಿ. ಈಗ ತುದಿಯನ್ನು ಅದೇ ಸಣ್ಣ ಹಗ್ಗದ ಅಡಿಗೆ ತೂರಿಸಿ. ಎಳೆಯಿರಿ. ನೂಲು ಹರಿದರೆ ನೇಕಾರರು ಹಾಕುವ ಗಂಟೂ ಇಂಥದೇ.

ಜಾರದ ಕುಣಿಕೆ

ಹಗ್ಗದಲ್ಲಿ ಸಣ್ಣ ಸುತ್ತು ಮಾಡಿ. ತುದಿಯ ಕಡೆಯ ಹಗ್ಗ ಮೇಲಿರಲಿ. ತುದಿಯನ್ನು ಸುತ್ತಿನೊಳಗೆ ಕೆಳಗಿನಿಂದ ಮೇಲೆ ತನ್ನಿ. ಉದ್ದ ಹಗ್ಗದ ಹಿಂದೆ ಬಳಸಿ. ಮತ್ತೆ ಅದೇ ಸುತ್ತಿನೊಳಗೆ ಇಳಿಸಿ. ಬಿಗಿಯಿರಿ. ಎಷ್ಟು ಭಾರ ಬಿದ್ದರೂ ಈ ಕುಣಿಕೆ ಕಿರಿದಾಗೋಲ್ಲ. ಬಿಚ್ಚೋದೂ ಸುಲಭ.

ನೆನಪಿಡಿ

ನೈಲಾನ್ ಹಗ್ಗ ನುಣುಪು, ಬೇಗ ಜಾರುತ್ತೆ. ಗಂಟಿನಾಚೆ ಒಂದು ಗೇಣು ತುದಿ ಬಿಡಿ. ಜೋಲಿಗೆ ತುಂಡು ಹಗ್ಗ ಬೇಡ, ಒಂದೇ ಹಗ್ಗ ಇರಲಿ. ಮೊದಲು ನಾವೇ ಜಗ್ಗಿ ನೋಡೋಣ. ಆಮೇಲೆ ಮಗುವನ್ನು ಮಲಗಿಸೋಣ.