‘ವಹಾಬಿ’ ಎಂಬ ಮಾತು ಎಲ್ಲಿಂದ ಬಂತು?



ಇತ್ತೀಚೆಗೆ ನಮ್ಮ ಕಣ್ಣೆದುರೇ ಒಂದು ನಿಕಾಹ್ ಮಾತುಕತೆ ಮುರಿದುಬಿತ್ತು. ಹುಡುಗ ಸಭ್ಯ, ನಮಾಝ್ ತಪ್ಪಿಸುವವನಲ್ಲ. ಆದರೆ ಯಾರೋ ಹುಡುಗಿಯ ತಂದೆಯ ಕಿವಿಯಲ್ಲಿ ‘ಅವರು ವಹಾಬಿಗಳು’ ಎಂದು ಊದಿದ್ದರು. ಹಾಗೆಂದರೇನು ಎಂದು ನಾವು ಕೇಳಿದರೆ ಹೇಳಿದವರಿಗೂ ಗೊತ್ತಿಲ್ಲ, ನಂಬಿದವರಿಗೂ ಗೊತ್ತಿಲ್ಲ. ಆದ್ದರಿಂದ ಜುಮಾ ಖುತ್ಬಾದಲ್ಲಿ ಆ ಪದವನ್ನೇ ಎತ್ತಿಕೊಂಡೆವು.

‘ಅಲ್ ವಹ್ಹಾಬ್’ ಅಲ್ಲಾಹನ ಸುಂದರ ನಾಮಗಳಲ್ಲೊಂದು. ಧಾರಾಳವಾಗಿ ದಯಪಾಲಿಸುವವನು ಎಂದರ್ಥ. ಆಲು ಇಮ್ರಾನ್ ಸೂರಾದ 8ನೇ ಆಯತ್‌ನ ದುಆದಲ್ಲಿ ನಾವು ಅವನನ್ನು ಕರೆಯುವುದು ಇದೇ ಹೆಸರಿನಿಂದ.

ಪಂಗಡದ ಹೆಸರಾಗಿ ಇದು ಬಂದದ್ದು ಅರೇಬಿಯಾದ ನಜ್ದ್‌ನ ವಿದ್ವಾಂಸ ಮುಹಮ್ಮದ್ ಇಬ್ನ್ ಅಬ್ದುಲ್ ವಹ್ಹಾಬ್ (1703–1792) ಅವರಿಂದ. ಗೋರಿಗಳಲ್ಲಿ ಬೇಡುವುದು ತೌಹೀದ್‌ಗೆ ವಿರುದ್ಧ ಎಂದು ಅವರು ಬೋಧಿಸಿದರು. 1744ರ ಸುಮಾರಿಗೆ ದಿರ್‌ಇಯ್ಯಾದ ಅಮೀರ್ ಮುಹಮ್ಮದ್ ಬಿನ್ ಸೌದ್ ಅವರ ಜೊತೆ ನಿಂತರು. ಇತರ ಮುಸ್ಲಿಮರನ್ನು ದೀನ್‌ನಿಂದ ಹೊರಗಿಟ್ಟು ಹೋರಾಡಿದರೆಂಬುದು ಆ ಕಾಲದ ಅನೇಕ ಉಲಮಾಗಳ ಆಕ್ಷೇಪ. ‘ವಹಾಬಿ’ ಎಂದು ಕರೆದವರು ವಿರೋಧಿಗಳು. ಅನುಯಾಯಿಗಳು ತಮ್ಮನ್ನು ‘ಮುವಹ್ಹಿದೂನ್’, ಅಂದರೆ ಏಕದೇವ ವಿಶ್ವಾಸಿಗಳು, ಎಂದುಕೊಂಡರು.

ಭಾರತದಲ್ಲಿ ಈ ಪದವನ್ನು ಹರಡಿದವರು ಮುಖ್ಯವಾಗಿ ಬ್ರಿಟಿಷರು. 1831ರಲ್ಲಿ ಬಾಲಾಕೋಟ್‌ನಲ್ಲಿ ಹತರಾದ ರಾಯ್‌ಬರೇಲಿಯ ಸಯ್ಯದ್ ಅಹ್ಮದ್ ಕಲಿತದ್ದು ದೆಹಲಿಯ ಶಾಹ್ ವಲಿಯುಲ್ಲಾಹ್ ಮನೆತನದಲ್ಲಿ, ನಜ್ದ್‌ನಲ್ಲಲ್ಲ. ಆದರೂ ಅವರ ಅನುಯಾಯಿಗಳಿಗೆ ಬ್ರಿಟಿಷರು ಇದೇ ಹೆಸರಿಟ್ಟರು. 1864ರಲ್ಲಿ ಅಂಬಾಲಾದಲ್ಲಿ, 1865ರಲ್ಲಿ ಪಟ್ನಾದಲ್ಲಿ ಮೊಕದ್ದಮೆ ಹೂಡಿದರು. ‘ವಹಾಬಿ’ ಎಂದರೆ ರಾಜದ್ರೋಹಿ ಎಂಬಂತಾಯಿತು. ಅಹ್ಲೆ ಹದೀಸ್‌ನವರು ಮನವಿ ಸಲ್ಲಿಸಿದ ಮೇಲೆ, 1880ರ ದಶಕದಲ್ಲಿ ಸರ್ಕಾರಿ ಕಾಗದಪತ್ರಗಳಲ್ಲಿ ತಮಗೆ ಈ ಪದ ಬಳಸದಂತೆ ಮಾಡಿಸಿಕೊಂಡರು.

ಕಚೇರಿ ಬಿಟ್ಟ ಪದವನ್ನು ನಮ್ಮ ಮೊಹಲ್ಲಾಗಳು ಬಿಡಲಿಲ್ಲ. ದೇವಬಂದಿಗಳು ಹನಫಿ ಮದ್‌ಹಬ್‌ನವರು, ಅಹ್ಲೆ ಹದೀಸ್‌ನವರು ಒಂದೇ ಮದ್‌ಹಬ್‌ಗೆ ಕಟ್ಟುಬೀಳದವರು, ತಬ್ಲೀಗ್ ಕೆಲಸ ಶುರುವಾದದ್ದು 1920ರ ದಶಕದಲ್ಲಿ ಮೇವಾತ್‌ನಲ್ಲಿ. ಇವರೆಲ್ಲರಿಗೂ ಒಂದೇ ಚೀಟಿ ಅಂಟಿಸುತ್ತೇವೆ. ಅತ್ತ ಕಡೆಯವರೂ ಕಡಿಮೆಯಿಲ್ಲ. ದರ್ಗಾಕ್ಕೆ ಹೋಗುವವರನ್ನು ‘ಕಬರ್ ಪೂಜಕರು’ ಎಂದು ಹಂಗಿಸುತ್ತಾರೆ.

ಭಿನ್ನಾಭಿಪ್ರಾಯ ಇಲ್ಲವೆಂದು ನಾವು ಹೇಳುತ್ತಿಲ್ಲ. ಇದೆ, ಅದನ್ನು ದಲೀಲ್ ಇಟ್ಟುಕೊಂಡು, ಅದಬ್‌ನಿಂದ ಚರ್ಚಿಸಬೇಕು. ಒಬ್ಬರನ್ನೊಬ್ಬರು ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನು ಹುಜುರಾತ್ ಸೂರಾದ 11ನೇ ಆಯತ್ ನಿಷೇಧಿಸಿದೆ. ಸಂಬಂಧ ನೋಡುವಾಗ ಹುಡುಗನ ದೀನ್, ಅಖ್ಲಾಕ್, ದುಡಿಮೆಯನ್ನು ವಿಚಾರಿಸಿರಿ. ಸಂಶಯವಿದ್ದರೆ ಅವನನ್ನೇ ಕೂರಿಸಿ ಕೇಳಿರಿ. ಅಲ್ಲಾಹನ ನಾಮದಿಂದ ಹುಟ್ಟಿದ ಪದ ನಮ್ಮ ನಾಲಿಗೆಯಲ್ಲಿ ಬೈಗುಳವಾಗದಿರಲಿ. ಅಲ್ಲಾಹನು ನಮ್ಮ ಹೃದಯಗಳನ್ನು ಜೋಡಿಸಲಿ, ಆಮೀನ್.